ಮೂಲೆಯಲ್ಲಿ ಬಿದ್ದ ಎಣ್ಣೆಬಟ್ಟೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ಊರುಗಳಲ್ಲಿ ಯಾವುದಕ್ಕೆ ಹೋದರೂ ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಒಂದು ನೋಟ ತಪ್ಪದೆ ಕಾಣುತ್ತದೆ. ಮನೆಯ ಮುಂದೆ ತಗಡಿನ ಶೆಡ್ಡು. ಅದರೊಳಗೆ ಬಿಚ್ಚಿಟ್ಟ ಬೈಕು, ಇಲ್ಲವೇ ಚಕ್ರ ಕಳಚಿ ಕಲ್ಲಿನ ಮೇಲೆ ಕೂತ ಟ್ರ್ಯಾಕ್ಟರು. ಹಿಂದಿನ ಬಾಗಿಲಿನಿಂದ ಒಗ್ಗರಣೆಯ ವಾಸನೆ, ಮುಂದಿನಿಂದ ಡೀಸೆಲ್ ವಾಸನೆ. ಶೆಡ್ಡಿನ ಒಂದು ಮೂಲೆಯಲ್ಲಿ ಕಪ್ಪಾದ ಬಟ್ಟೆಗಳ ಗುಡ್ಡೆ. ಕೈ ಒರೆಸಿದ್ದು, ಪಿಸ್ಟನ್ ಒರೆಸಿದ್ದು, ಸೋರಿದ ಎಣ್ಣೆಯ ಮೇಲೆ ಹಾಸಿದ್ದು. ಮೊಳೆಗೆ ತೂಗುಹಾಕಿದ ಒಂದು ಅಂಗಿ, ಒಂದು ಪ್ಯಾಂಟು. ಅವುಗಳ ಮೂಲ ಬಣ್ಣ ಯಾವುದೆಂದು ತೊಟ್ಟವನಿಗೂ ಮರೆತಿರುತ್ತದೆ.

ನಾನು ಬೆಳೆದದ್ದು ಅಂಥದೊಂದು ಮನೆಯಲ್ಲಿ. ಅಪ್ಪ ಮೆಕ್ಯಾನಿಕ್. ಹೊನ್ನಾಳಿ ಸೀಮೆಯ ಆ ಮನೆಯ ಶೆಡ್ಡಿನಲ್ಲಿ ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯ ರಾತ್ರಿ ಬೆಂಕಿ ಬಿತ್ತು. ದೊಡ್ಡ ಬೆಂಕಿಯೇನಲ್ಲ. ಅವ್ವನಿಗೆ ಹೊಗೆಯ ವಾಸನೆ ಬಡಿದು ಎಚ್ಚರವಾಯಿತು, ಅಪ್ಪ ನಾಲ್ಕು ಕೊಡ ನೀರು ಸುರಿದರು, ಆರಿತು. ಒಂದು ಟೈರು, ಒಂದು ಗೋಣಿಚೀಲ, ಬಟ್ಟೆಗಳ ಗುಡ್ಡೆ ಸುಟ್ಟಿದ್ದವು. ಬೆಳಿಗ್ಗೆ ವಿಚಾರಣೆ ನಡೆಯಿತು. ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹದಿನೇಳರ ಹುಡುಗ ರಾತ್ರಿ ಕೊನೆಗೆ ಬಾಗಿಲು ಹಾಕಿ ಹೋದವನು.

"ಬೀಡಿ ಸೇದಿ ಎಸೆದು ಹೋದ್ಯೇನಲೇ?" ಎಂದರು ಅಪ್ಪ.

"ಇಲ್ಲ ಮೇಸ್ತ್ರಿ, ನಾನು ಸೇದೇ ಇಲ್ಲ."

"ಮತ್ತೆ ಬೆಂಕಿ ತಾನೇ ಹೊತ್ತಿಕೊಳ್ತದೇನು?"

ಆ ಪ್ರಶ್ನೆಗೆ ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ಹುಡುಗನಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ನನಗೆ ಆಗ ಹನ್ನೆರಡು. ಬೆಂಕಿ ತಾನೇ ಹೊತ್ತಿಕೊಳ್ಳುತ್ತದೆಯೇ ಎಂಬ ಆ ಪ್ರಶ್ನೆಗೆ ಜಗತ್ತಿನಲ್ಲಿ ಎರಡು ಶತಮಾನಗಳ ಹಿಂದೆಯೇ ಉತ್ತರ ಸಿಕ್ಕಿತ್ತು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಆ ಉತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಒರೆಸುಬಟ್ಟೆಯ ಚರಿತ್ರೆ.

*

ಗ್ಯಾರೇಜುಗಳು ಬರುವುದಕ್ಕೆ ಮುಂಚೆಯೂ ನಮ್ಮಲ್ಲಿ ಎಣ್ಣೆಬಟ್ಟೆ ಇತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ನೆನೆಯಿರಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡುತ್ತಿದ್ದ ಕಪ್ಪು ಮುದ್ದೆ ಅದು. ಗಾಡಿಯ ಅಡಿಯಲ್ಲಿ ತೂಗುವ ಗೊಟ್ಟದಲ್ಲಿ ಅದು, ಅದರ ಬಾಯಿಗೆ ತುರುಕಿದ ಒಂದು ಚಿಂದಿ. ಕೀಲೆಣ್ಣೆ ಹಾಕಿ ಕೈ ಒರೆಸುವುದೂ ಆ ಚಿಂದಿಗೇ. ಆದರೆ ಗಾಡಿ ಹೊಡೆಯುವವನ ಬಳಿ ಅಂಥ ಚಿಂದಿ ಒಂದೇ ಇರುತ್ತಿತ್ತು. ಗುಡ್ಡೆಯಾಗುವಷ್ಟು ಬಟ್ಟೆ ಯಾರ ಮನೆಯಲ್ಲೂ ಇರಲಿಲ್ಲ.

ಯಾಕೆಂದರೆ ಆಗ ಬಟ್ಟೆ ಬಿಸಾಡುವ ವಸ್ತುವಾಗಿರಲಿಲ್ಲ. ಸೀರೆ ಹಳೆಯದಾದರೆ ಕೂಸಿನ ಹಾಸಿಗೆ. ಅದೂ ಸವೆದರೆ ಕೌದಿಯ ಒಳಪದರ. ಪಂಚೆ ಹರಿದರೆ ಟವಲು, ಟವಲು ಹರಿದರೆ ಬಿಸಿ ಪಾತ್ರೆ ಇಳಿಸುವ ಮಸಿಅರಿವೆ, ಅದೂ ಹರಿದರೆ ದೀಪದ ಬತ್ತಿ. ಈಗ ನ್ಯಾಮತಿ ತಾಲೂಕಿಗೆ ಸೇರಿರುವ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಕ್ಷೇತ್ರ. ಆ ಸಮುದಾಯದ ಹೆಣ್ಣುಮಕ್ಕಳ ಉಡುಪನ್ನು ನೋಡಿದರೆ ಸಣ್ಣ ಸಣ್ಣ ಬಟ್ಟೆ ತುಂಡುಗಳಿಗೆ ಎಷ್ಟು ಬೆಲೆಯಿತ್ತೆಂಬುದು ತಿಳಿಯುತ್ತದೆ. ಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಊರಿನಲ್ಲಿ ಒಂದೇ ಗೌರವದ ಸ್ಥಾನ: ಜಾತ್ರೆಯ ಪಂಜು, ದೀವಟಿಗೆ. ಎಣ್ಣೆಬಟ್ಟೆ ಉರಿಯುವ ವಸ್ತು ಎಂದು ಎಲ್ಲರಿಗೂ ಗೊತ್ತಿತ್ತು. ತಾನಾಗಿಯೇ ಉರಿಯಬಹುದು ಎಂಬುದಷ್ಟೇ ಗೊತ್ತಿರಲಿಲ್ಲ.

ಬಟ್ಟೆಯ ಕೊಳೆಯನ್ನು ಬಲ್ಲವರು ಊರಲ್ಲಿ ಒಬ್ಬರಿದ್ದರು, ಮಡಿವಾಳರು. ಹನ್ನೆರಡು ಆಯಗಾರರಲ್ಲಿ ಅವರದೂ ಒಂದು ಪಾಲು. ವರ್ಷಪೂರ್ತಿ ಒಗೆದದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಧಾನ್ಯ. ಅವರ ಕಸುಬು ಬರಿಯ ಬಡಿಯುವ ಕೆಲಸವಲ್ಲ. ಚೌಳು ಮಣ್ಣನ್ನು ಎಲ್ಲಿಂದ ತರಬೇಕು, ಬಟ್ಟೆಗೆ ಅದನ್ನು ಹೇಗೆ ಮೆತ್ತಬೇಕು, ಉಬ್ಬೆಯಲ್ಲಿ ಎಷ್ಟು ಹೊತ್ತು ಹಬೆಗೆ ಇಡಬೇಕು ಎಂಬುದೆಲ್ಲ ತಲೆಮಾರುಗಳ ತಿಳಿವಳಿಕೆ. ಚೌಳು ಮಣ್ಣಿನಲ್ಲಿರುವ ಕ್ಷಾರ ಬಟ್ಟೆಯಲ್ಲಿರುವ ಬೆವರಿನ ಜಿಡ್ಡನ್ನೂ ಅಡುಗೆಯ ಎಣ್ಣೆಯನ್ನೂ ಹಬೆಯ ಬಿಸಿಯಲ್ಲಿ ಹಿಡಿದು ಸಾಬೂನನ್ನಾಗಿ ಮಾಡುತ್ತದೆ. ಅಂದರೆ ಕೊಳೆಯೇ ಸ್ವಲ್ಪ ಮಟ್ಟಿಗೆ ತನ್ನನ್ನು ತಾನು ತೊಳೆಯುವ ಸಾಬೂನಾಗುತ್ತದೆ. ಸಾಬೂನು ಕೊಳ್ಳದೆಯೇ ಊರೆಲ್ಲ ಶುಭ್ರವಾಗಿದ್ದ ಗುಟ್ಟು ಇದು. ಹನ್ನೆರಡನೆಯ ಶತಮಾನದಲ್ಲಿ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಾಚಿದೇವರು ಬಸವಣ್ಣನವರ ಸಂಗಡಿಗರಾಗಿ ನಿಂತು, ಈ ಕಾಯಕದ ಘನತೆಯನ್ನು ಕನ್ನಡ ನಾಡಿಗೆ ತೋರಿಸಿದರು. ಮಡಿ ಎಂಬ ಮಾತು ಯಾರ ಕೈಯಿಂದ ಬರುತ್ತದೆಯೋ ಅವರನ್ನೇ ದೂರವಿಟ್ಟ ಸಮಾಜಕ್ಕೆ ಅದು ಒಂದು ಉತ್ತರವೂ ಆಗಿತ್ತು.

ಈ ತಿಳಿವಳಿಕೆ ಸೋತದ್ದು ಹೊಸದೊಂದು ಎಣ್ಣೆಯ ಮುಂದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ನೆಲ ಕೊರೆದು ಕಲ್ಲೆಣ್ಣೆ ತೆಗೆದ. 1889ರಲ್ಲಿ ಅಸ್ಸಾಮಿನ ದಿಗ್ಬಾಯಿಯಲ್ಲಿಯೂ ಅದು ಸಿಕ್ಕಿತು. ಯಂತ್ರಗಳಿಗೆ ಹಾಕುವ ಎಣ್ಣೆ ಬೀಜದ್ದಾಗಿದ್ದುದು ನೆಲದ್ದಾಯಿತು. ಬೀಜದ ಎಣ್ಣೆಗೂ ನೆಲದ ಎಣ್ಣೆಗೂ ಒಂದು ಮೂಲ ವ್ಯತ್ಯಾಸವಿದೆ. ಕ್ಷಾರ ಎಷ್ಟೇ ಹಾಕಿ ಕುದಿಸಿದರೂ ನೆಲದ ಎಣ್ಣೆ ಸಾಬೂನಾಗುವುದಿಲ್ಲ. ಎಂಜಿನ್ ಎಣ್ಣೆ ಹತ್ತಿದ ಅಂಗಿಯನ್ನು ಉಬ್ಬೆಗೆ ಹಾಕಿದರೆ ಕಲೆ ಹೋಗುವುದಿಲ್ಲ, ಪಕ್ಕದ ಬಟ್ಟೆಗೂ ಹರಡುತ್ತದೆ. ನಮ್ಮ ಮನೆಗೆ ಬರುತ್ತಿದ್ದ ಮಡಿವಾಳಜ್ಜಿ ಅವ್ವನಿಗೆ ಸ್ಪಷ್ಟವಾಗಿ ಹೇಳಿದ್ದಳಂತೆ: "ಹಾಸಿಗಿ ಕೊಡು, ಸೀರಿ ಕೊಡು. ನಿನ್ನ ಗಂಡನ ಗ್ಯಾರೇಜಿನ ಅರಿವಿ ಮಾತ್ರ ಕೊಡಬ್ಯಾಡ ತಾಯಿ." ಅದು ಬಿಗುಮಾನದ ಮಾತಲ್ಲ. ತನ್ನ ಕಸುಬಿನ ಗಡಿ ಎಲ್ಲಿದೆ ಎಂದು ಬಲ್ಲವರ ಮಾತು.

*

ಒರೆಸುವ ಬಟ್ಟೆ ಮೂಟೆಗಟ್ಟಲೆ ನಮ್ಮ ಸೀಮೆಗೆ ಬಂದದ್ದು ರೈಲು ಮತ್ತು ಗಿರಣಿಗಳ ಕಾಲದಲ್ಲಿ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಬಂತು. ಉಗಿ ಎಂಜಿನ್ನಿನ ಲೋಹವನ್ನು ದಿನವೂ ಒರೆಸಿ ಎಣ್ಣೆ ಹಚ್ಚಬೇಕು. ಅದಕ್ಕೆ ಜಗತ್ತಿನ ಎಲ್ಲ ರೈಲ್ವೆಗಳೂ ಬಳಸುತ್ತಿದ್ದುದು ನೂಲಿನ ಗಿರಣಿಯಲ್ಲಿ ಉಳಿದ ಸಿಕ್ಕುನೂಲು. ಇಂಗ್ಲಿಷಿನಲ್ಲಿ ಅದಕ್ಕೆ ಕಾಟನ್ ವೇಸ್ಟ್ ಎಂದು ಹೆಸರು. ಇಂದಿಗೂ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಬರೇ 'ವೇಸ್ಟು'. "ಸ್ವಲ್ಪ ವೇಸ್ಟ್ ತಗೊಂಡು ಬಾ" ಎಂದರೆ ಬಿಸಾಡುವ ವಸ್ತುವನ್ನಲ್ಲ, ಕೆಲಸದ ವಸ್ತುವನ್ನು ಕೇಳುತ್ತಿದ್ದಾರೆ ಎಂದು ಅರ್ಥ.

ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಪಡೆಯಿತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ಒಂದು ಊರಿನಲ್ಲಿ ನೂಲು, ಇನ್ನೊಂದರಲ್ಲಿ ಕಬ್ಬಿಣ. ಸುತ್ತಲಿನ ಹಳ್ಳಿಗಳ ಹುಡುಗರು ಎರಡೂ ಕಡೆ ಹೋಗಿ ಕಲಿತರು. ಕೆಲಸದ ಬಟ್ಟೆ, ಮನೆಯ ಬಟ್ಟೆ ಎಂದು ಎರಡು ಜೊತೆ ಇಟ್ಟುಕೊಳ್ಳುವ ಅಭ್ಯಾಸ ಕಾರ್ಖಾನೆಯಿಂದ ಬಂತು. ಹೊಲದಲ್ಲಿ ದುಡಿಯುವವನಿಗೆ ಅಂಥ ಭೇದವಿರಲಿಲ್ಲ. ಮಣ್ಣು ಒಣಗಿದರೆ ಕೊಡವಿದರಾಯಿತು. ಗ್ರೀಸು ಕೊಡವಿದರೆ ಹೋಗುವುದಿಲ್ಲ.

ಮುಂದೆ ಭದ್ರಾ ಕಾಲುವೆಯ ನೀರು ಚನ್ನಗಿರಿ, ಹೊನ್ನಾಳಿ ಸೀಮೆಗೆ ಹರಿಯಿತು. ಗದ್ದೆ ಬಂತು, ಅಡಿಕೆ ತೋಟ ಬಂತು, ಅದರ ಹಿಂದೆ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ ಬಂದವು. ಕಾಲುವೆ ಕಾಣದ ಜಗಳೂರಿನಲ್ಲಿ ಬೋರ್‌ವೆಲ್ಲು ಬಂತು, ಬೋರಿನಿಂದ ಮೋಟರ್ ಎತ್ತುವ ಕೆಲಸ ಬಂತು. 1997ರಲ್ಲಿ ಚಿತ್ರದುರ್ಗದಿಂದ ಜಗಳೂರನ್ನು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನು ಬಿಡಿಸಿ ದಾವಣಗೆರೆ ಜಿಲ್ಲೆ ಮಾಡಿದಾಗ ನಕ್ಷೆಯ ಮೇಲೆ ಒಂದಾದ ಈ ತಾಲೂಕುಗಳು, ರಿಪೇರಿಯ ವಿಷಯದಲ್ಲಿ ಆಗಲೇ ಒಂದಾಗಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಚೆಗೆ ತಾನೇ ತಾಲೂಕಾಯಿತು. ಅಷ್ಟು ಹೊತ್ತಿಗೆ ದಾವಣಗೆರೆಯ ಗಿರಣಿಗಳು ಮುಚ್ಚಿದ್ದವು, ಹರಿಹರದ ಲೇತ್ ಕಾರ್ಖಾನೆಯೂ ನಿಂತಿತು. ಕೆಲಸ ಕಲಿತ ಕೈಗಳು ಊರಿಗೆ ಮರಳಿ ಮನೆಯ ಮುಂದೆ ತಗಡು ಹೊದಿಸಿ ಶೆಡ್ಡು ಹಾಕಿದವು.

ಗಿರಣಿ ಹೋದರೂ ವೇಸ್ಟು ಬೇಕಲ್ಲ? ಮನೆಯ ಹಳೆ ಬಟ್ಟೆ ಸಾಲುತ್ತಿರಲಿಲ್ಲ. ಸಾಲುವುದಕ್ಕಿಂತ ಹೆಚ್ಚಾಗಿ, ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಮ್ಮ ಮನೆಗಳಿಗೆ ಟೆರಿಲಿನ್, ನೈಲೆಕ್ಸ್, ಪಾಲಿಯೆಸ್ಟರ್ ಬಂದವು. ಆ ಬಟ್ಟೆ ಎಣ್ಣೆಯನ್ನು ಹೀರುವುದಿಲ್ಲ, ಬಳಿಯುತ್ತದೆ ಅಷ್ಟೆ. ಆಗ ಬಂದದ್ದು ತಮಿಳುನಾಡಿನ ತಿರುಪ್ಪೂರಿನಂಥ ಊರುಗಳ ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಹತ್ತಿಯ ತುಂಡು. ಬನಿಯನ್ ವೇಸ್ಟ್. ಕಿಲೋ ಲೆಕ್ಕದಲ್ಲಿ ಸಿಗುವ, ಬಣ್ಣಬಣ್ಣದ, ಒಮ್ಮೆ ಬಳಸಿ ಮೂಲೆಗೆ ಎಸೆಯುವ ಬಟ್ಟೆ. ಬಟ್ಟೆಯ ಗುಡ್ಡೆ ಎಂಬುದು ನಮ್ಮ ಮನೆಗಳಲ್ಲಿ ಹುಟ್ಟಿದ್ದು ಹೀಗೆ.

*

ಈಗ ಆ ಬೇಸಿಗೆಯ ರಾತ್ರಿಗೆ ಬರುತ್ತೇನೆ.

1781ರಲ್ಲಿ ರಷ್ಯಾದ ಕ್ರೋನ್‌ಸ್ಟಾಟ್ ಬಂದರಿನಲ್ಲಿ ನಿಂತಿದ್ದ ಒಂದು ಯುದ್ಧನೌಕೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ನಾವಿಕ ಅಜಾಗರೂಕನಾಗಿದ್ದ, ಇಲ್ಲವೇ ದ್ರೋಹಿಯೊಬ್ಬ ಹಚ್ಚಿದ ಎಂಬ ಗುಮಾನಿ ಸಹಜವಾಗಿಯೇ ಎದ್ದಿತು. ವಿಚಾರಿಸಿದಾಗ ಬೆಂಕಿ ಹೊತ್ತಿದ ಜಾಗದಲ್ಲಿ ಸೆಣಬಿನ ಜಾತಿಯ ಗಿಡದ ಬೀಜದೆಣ್ಣೆ ಮತ್ತು ಮಸಿ ಕಲಸಿ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಗಂಟು ಇತ್ತೆಂದು ಗೊತ್ತಾಯಿತು. ಹಡಗಿಗೆ ಬಳಿಯುವ ಕಪ್ಪು ಬಣ್ಣದ ಸಾಮಾನು ಅದು. ಮಹಾರಾಣಿ ಕ್ಯಾಥರೀನಳ ಆಜ್ಞೆಯಂತೆ ಅದೇ ಥರ ಎಣ್ಣೆ ಮಸಿ ಕಲಸಿ, ಗಂಟು ಕಟ್ಟಿ, ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದರು. ಗಂಟೆಗಳು ಕಳೆದ ಮೇಲೆ ಗಂಟು ತಾನಾಗಿಯೇ ಹೊಗೆಯಾಡಿ ಹೊತ್ತಿಕೊಂಡಿತು. ಯಾರೂ ಕಡ್ಡಿ ಗೀರಿರಲಿಲ್ಲ. ನಮ್ಮ ಕೀಲೆಣ್ಣೆಯೂ ಎಣ್ಣೆ ಮತ್ತು ಮಸಿಯೇ ಅಲ್ಲವೇ ಎಂದು ನನಗೆ ಆಗ ಅನಿಸಿತು.

ಇದರ ಹಿಂದಿರುವ ಕಾರಣ ಸರಳ. ಕೆಲವು ಎಣ್ಣೆಗಳು ಗಾಳಿಯೊಂದಿಗೆ ಸೇರಿ ಒಣಗುತ್ತವೆ. ಒಣಗುವುದು ಎಂದರೆ ಇಲ್ಲಿ ನೀರಿನಂತೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಹಾಗೆ ಹೀರುವಾಗ ಬಿಸಿ ಹುಟ್ಟುತ್ತದೆ. ಬಾಗಿಲಿನ ಹಲಗೆಯ ಮೇಲೆ ಬಳಿದ ಎಣ್ಣೆಯಲ್ಲಿ ಹುಟ್ಟಿದ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಅದೇ ಎಣ್ಣೆ ಹತ್ತಿಬಟ್ಟೆಯಲ್ಲಿ ಇಂಗಿ, ಆ ಬಟ್ಟೆ ಮುದ್ದೆಯಾಗಿ ಗುಡ್ಡೆಯೊಳಗೆ ಬಿದ್ದರೆ ಬಿಸಿಗೆ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಷ್ಟೂ ಎಣ್ಣೆ ಬೇಗ ಒಣಗುತ್ತದೆ, ಬೇಗ ಒಣಗಿದಷ್ಟೂ ಬಿಸಿ ಹೆಚ್ಚುತ್ತದೆ. ಕೊನೆಗೆ ಬಟ್ಟೆಯೇ ಹೊತ್ತುತ್ತದೆ. ಹಸಿ ಹುಲ್ಲಿನ ಬಣವೆ ಒಳಗೊಳಗೇ ಬೆಂದು ಹೊಗೆಯಾಡುವುದನ್ನು ನಮ್ಮ ರೈತರು ಬಲ್ಲರು. ಅಲ್ಲಿ ಬಿಸಿ ಶುರುವಾಗುವುದು ಬೇರೆ ಕಾರಣದಿಂದ, ಆದರೆ ಹೊರಹೋಗಲಾರದೆ ಬೆಳೆಯುವ ರೀತಿ ಒಂದೇ.

ಎಲ್ಲ ಎಣ್ಣೆಯೂ ಹೀಗಲ್ಲ. ಎಣ್ಣೆಯ ಈ ಗುಣವನ್ನು ಅಳೆಯಲು ಅಯೋಡಿನ್ ಮೌಲ್ಯ ಎಂಬ ಲೆಕ್ಕವಿದೆ. ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು. ಹರಳೆಣ್ಣೆಗೆ 85ರ ಹತ್ತಿರ, ಕಡಲೆಕಾಯಿ ಎಣ್ಣೆಗೆ 90ರ ಮೇಲೆ ಕೆಳಗೆ. ಕುಸುಬೆ ಎಣ್ಣೆಗೆ 140ರ ಮೇಲೆ. ಅಗಸೆ ಎಣ್ಣೆಗೆ 170ರಿಂದ 200ರವರೆಗೆ. ಈ ಅಂಕಿ ಹೆಚ್ಚಿದಷ್ಟೂ ಬಟ್ಟೆ ತಾನೇ ಹೊತ್ತುವ ಅಪಾಯ ಹೆಚ್ಚು. ಎಂಜಿನ್ ಎಣ್ಣೆ, ಗ್ರೀಸುಗಳು ನೆಲದ ಎಣ್ಣೆಯವಾದ್ದರಿಂದ ಗ್ಯಾರೇಜಿನ ಸಾಮಾನ್ಯ ಬಿಸಿಯಲ್ಲಿ ಹೀಗೆ ತಾವಾಗಿ ಹೊತ್ತುವುದಿಲ್ಲ. ಆದರೆ ಹೊತ್ತಿದ ಬೆಂಕಿಗೆ ಬೇಕಾದಷ್ಟು ಮೇವಾಗುತ್ತವೆ.

ನಮ್ಮ ಶೆಡ್ಡಿನಲ್ಲಿ ಅಗಸೆ ಎಣ್ಣೆ ಎಲ್ಲಿತ್ತು? ಇತ್ತು. ಅಕ್ಕನ ಮದುವೆಗೆಂದು ಆ ವಾರ ಮನೆಗೆ ಹೊಸ ಬಾಗಿಲು ಕೂರಿಸಿದ್ದರು. ಬಡಗಿಯವರು ಆ ಮಧ್ಯಾಹ್ನ ಸಾಗುವಾನಿ ಹಲಗೆಗೆ ಹಾರ್ಡ್‌ವೇರ್ ಅಂಗಡಿಯ ಲಿನ್‌ಸೀಡ್ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಉಜ್ಜಿದ್ದರು. ಲಿನ್‌ಸೀಡ್ ಎಂದರೆ ಅಗಸೆ. ಸಂಜೆ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಗ್ಯಾರೇಜಿನ ವೇಸ್ಟಿನ ಗುಡ್ಡೆಗೆ ಎಸೆದು ಹೋದರು. ಎಸೆಯುವುದನ್ನು ನಾನು ನೋಡಿದ್ದೆ. ಬೆಳಿಗ್ಗೆ ವಿಚಾರಣೆಯ ಹೊತ್ತಿಗೆ ಅದನ್ನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೇಳಿದ್ದರೂ ಅಪ್ಪ ನಂಬುತ್ತಿರಲಿಲ್ಲವೇನೋ. ಬಟ್ಟೆ ತಾನೇ ಉರಿಯಿತು ಎಂಬುದಕ್ಕಿಂತ ಹುಡುಗ ಬೀಡಿ ಎಸೆದ ಎಂಬುದು ನಂಬಲು ಸುಲಭ.

ನಾವು ಒಂದು ಟೈರಿಗೆ ಪಾರಾದೆವು. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಎಂಬ ಕಟ್ಟಡದ 22ನೆಯ ಮಹಡಿಯಲ್ಲಿ ಬೆಂಕಿ ಎದ್ದಿತು. ಗೋಡೆಯ ಮರದ ಹಲಗೆಗಳಿಗೆ ಮೆರುಗು ಕೊಟ್ಟ ಕೆಲಸಗಾರರು ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ಹೋಗಿದ್ದರು. ಬೆಂಕಿ ಸುಮಾರು 19 ಗಂಟೆ ಉರಿಯಿತು. ನೀರು ಚಿಮ್ಮುವ ವ್ಯವಸ್ಥೆಯಿದ್ದ 30ನೆಯ ಮಹಡಿಗೆ ಬಂದ ಮೇಲಷ್ಟೇ ಅದು ನಿಂತದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕ್ರೋನ್‌ಸ್ಟಾಟ್ ಪರೀಕ್ಷೆಗೆ ಆಗ 210 ವರ್ಷ ಕಳೆದಿತ್ತು. ತಿಳಿವಳಿಕೆ ಇತ್ತು, ಬಟ್ಟೆ ಎಸೆಯುವವನ ಕೈಗೆ ಅದು ತಲುಪಿರಲಿಲ್ಲ.

*

ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದು ಇದೆ, ಮೈಗೆ ಅಂಟಿದ ಬಟ್ಟೆಯದು. ಅದರ ಪಾಠ ಸಿಕ್ಕಿದ್ದು ಮೂಲ ಮ್ಯಾಂಚೆಸ್ಟರಿನಲ್ಲಿ.

1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಚಿಮಣಿಯ ಮಸಿ ತೆಗೆಯುವ ಹುಡುಗರಲ್ಲಿ ಮುಂದೆ ವೃಷಣದ ಚರ್ಮದ ಕ್ಯಾನ್ಸರ್ ಬರುವುದನ್ನು ಗುರುತಿಸಿ ಬರೆದ. ಮಸಿ ಕೂತ ಬಟ್ಟೆ, ತೊಳೆಯದ ಮೈ ಇವೇ ಅದರ ಹಿನ್ನೆಲೆ. 1922ರಲ್ಲಿ ಮ್ಯಾಂಚೆಸ್ಟರಿನ ಸದಮ್ ಮತ್ತು ವಿಲ್ಸನ್ ಎಂಬ ವೈದ್ಯರು ಅದೇ ಕಾಯಿಲೆಯನ್ನು ಹತ್ತಿ ಗಿರಣಿಯ ಮ್ಯೂಲ್ ಯಂತ್ರದ ನೂಲುಗಾರರಲ್ಲಿ ಕಂಡರು. ಯಂತ್ರದ ಕದಿರುಗಳಿಗೆ ಹಾಕಿದ ಎಣ್ಣೆ ಸಿಡಿದು, ಬಾಗಿ ಕೆಲಸ ಮಾಡುವವನ ಪ್ಯಾಂಟಿನ ಮುಂಭಾಗ ನೆನೆಯುತ್ತಿತ್ತು. ದಿನವೂ ಅದೇ ಪ್ಯಾಂಟು, ವರ್ಷಗಟ್ಟಲೆ ಅದೇ ಎಣ್ಣೆ. ಬೀಜದೆಣ್ಣೆ ಬಿಟ್ಟು ಅಗ್ಗದ ನೆಲದೆಣ್ಣೆಗೆ ಗಿರಣಿಗಳು ಹೋದದ್ದರ ಬೆಲೆಯನ್ನು ಕಾರ್ಮಿಕರ ಚರ್ಮ ಕೊಟ್ಟಿತು. ಚೆನ್ನಾಗಿ ಶುದ್ಧಿ ಮಾಡಿದ ಎಣ್ಣೆಯನ್ನೇ ಹಾಕಬೇಕು, ಕಾರ್ಮಿಕರನ್ನು ವೈದ್ಯರು ತಪಾಸಣೆ ಮಾಡಬೇಕು ಎಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು 1953ರಲ್ಲಿ. ಮೂವತ್ತು ವರ್ಷ ಬೇಕಾಯಿತು. ಇಂದಿನ ಎಂಜಿನ್ ಎಣ್ಣೆ ಹೊಸದಾಗಿರುವಾಗ ಅಷ್ಟು ಕೆಟ್ಟದ್ದಲ್ಲ. ಎಂಜಿನ್ನಿನಲ್ಲಿ ಓಡಿ ಕಪ್ಪಾದ ಎಣ್ಣೆಯಲ್ಲಿ ಮಾತ್ರ ಸುಟ್ಟ ಇಂಧನದ ಅಂಥದೇ ಅಂಶಗಳು ಸೇರುತ್ತವೆ. ಮೆಕ್ಯಾನಿಕ್ಕಿನ ಜೇಬಿನಲ್ಲಿ ಇಡೀ ದಿನ ತೊಡೆಗೆ ತಾಗಿಕೊಂಡಿರುವ ಒರೆಸುಬಟ್ಟೆಯಲ್ಲಿ ಇರುವುದು ಈ ಕಪ್ಪು ಎಣ್ಣೆ.

ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆ ಇದನ್ನು ಮರೆತಿರಲಿಲ್ಲ. ಅದರ 42ನೆಯ ಕಲಮು ಕಾರ್ಮಿಕರಿಗೆ ಕೈಕಾಲು ತೊಳೆಯುವ ಅನುಕೂಲ ಇರಬೇಕೆನ್ನುತ್ತಿತ್ತು. 43ನೆಯದು, ಕೆಲಸದಲ್ಲಿ ತೊಡದ ಬಟ್ಟೆಯನ್ನು ಇಡಲು, ಒದ್ದೆ ಬಟ್ಟೆ ಒಣಗಿಸಲು ಜಾಗ ಕೊಡುವಂತೆ ನಿಯಮ ಮಾಡಬಹುದೆನ್ನುತ್ತಿತ್ತು. ಕೆಲಸದ ಬಟ್ಟೆ ಬೇರೆ, ಮನೆಯ ಬಟ್ಟೆ ಬೇರೆ ಎಂಬುದನ್ನು ಕಾನೂನು ಒಪ್ಪಿಕೊಂಡ ಜಾಗ ಅದು. ಆದರೆ ಆ ಕಾಯಿದೆಯಲ್ಲಿ ಕಾರ್ಖಾನೆ ಎಂದರೆ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ದುಡಿಯುವ ಜಾಗವಾಗಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 20 ಮತ್ತು 40ಕ್ಕೆ ಏರಿಸಿತು. ಅಪ್ಪ, ಒಬ್ಬ ಹುಡುಗ, ಶಾಲೆ ಬಿಟ್ಟ ಮೇಲೆ ಸ್ಪ್ಯಾನರ್ ಎತ್ತಿಕೊಡುವ ನಾನು, ಹೀಗಿರುವ ಶೆಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಣ್ಣೆ ಹತ್ತಿದ ಬಟ್ಟೆಚಿಂದಿಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ 33.2 ಎಂಬ ಸಂಖ್ಯೆ ಕೊಟ್ಟು ಸೇರಿಸಲಾಗಿದೆ. ಕಾಗದದ ಮೇಲೆ ಅದು ಅಪಾಯಕಾರಿ ವಸ್ತು. ನಮ್ಮ ಓಣಿಗಳಲ್ಲಿ ಅದು ಬಚ್ಚಲ ಒಲೆ ಹೊತ್ತಿಸುವ ಸುಲಭ ಸಾಧನ. ಅದರ ಹೊಗೆಯಲ್ಲಿ ಮಕ್ಕಳ ಸ್ನಾನದ ನೀರು ಕಾಯುತ್ತದೆ.

ಕಾನೂನು ಬರದ ಆ ಶೆಡ್ಡಿನಲ್ಲಿ ಎಲ್ಲವೂ ಅವ್ವನ ಪಾಲಿಗೆ ಬಂತು. ಮಡಿವಾಳಜ್ಜಿ ಒಲ್ಲೆನೆಂದ ಬಟ್ಟೆಯನ್ನು ಅವಳು ಸೀಮೆಎಣ್ಣೆಯಲ್ಲಿ ನೆನೆಸಿ, 501 ಬಾರ್ ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜಿ ಒಗೆಯುತ್ತಿದ್ದಳು. ಕೈಯ ಚರ್ಮ ಬಿರಿದು ಬೆರಳುಗಳ ಸಂದಿಯಲ್ಲಿ ಕೆಂಪಾಗಿರುತ್ತಿತ್ತು. ಸನ್‌ಲೈಟ್ ಸಾಬೂನು 1888ರಲ್ಲಿಯೇ ಈ ದೇಶಕ್ಕೆ ಬಂದಿತ್ತು, 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಈ ಪುಡಿಗಳು ಬಂದ ಮೇಲೆ ಹೆಚ್ಚು ಹಾಯೆನಿಸಿದ್ದು ಜಗಳೂರಿನಂಥ ಬೋರ್‌ವೆಲ್ ನೀರಿನ ಊರುಗಳಲ್ಲಿ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿ ಗಸಿಯಾಗಿ ಬಟ್ಟೆಗೇ ಅಂಟುತ್ತದೆ. ಪುಡಿ ಹಾಗಾಗುವುದಿಲ್ಲ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಒಗೆದ ಅಂಗಿಗೂ ಜಗಳೂರಿನಲ್ಲಿ ಒಗೆದ ಅಂಗಿಗೂ ಇದ್ದ ವ್ಯತ್ಯಾಸ ಒಗೆಯುವವಳ ಶ್ರಮದ್ದಲ್ಲ, ನೀರಿನದು. ಆದರೆ ಬೈಸಿಕೊಳ್ಳುತ್ತಿದ್ದವಳು ಅವಳೇ. ಗ್ಯಾರೇಜಿನ ಬಟ್ಟೆಗೆ ಅವ್ವ ಬೇರೆ ಬಕೆಟ್ಟು, ಬೇರೆ ಕಲ್ಲು, ಬೇರೆ ತಂತಿ ಇಟ್ಟಿದ್ದಳು. ಅದನ್ನು ಮುಟ್ಟಿದರೆ ನಮಗೆ ಏಟು. "ಮಡಿ ಮಾಡ್ತಾಳೆ" ಎಂದು ಅಪ್ಪ ನಗುತ್ತಿದ್ದರು. ಕಾಯಿದೆಯ 43ನೆಯ ಕಲಮನ್ನು ಆ ಮನೆಯಲ್ಲಿ ಜಾರಿಗೆ ತಂದವಳು ಅವಳೊಬ್ಬಳೇ ಎಂದು ಈಗ ಅನಿಸುತ್ತದೆ.

*

ಹೋದ ವರ್ಷ ಜಗಳೂರಿಗೆ ಹೋಗಿದ್ದಾಗ ಆ ಹುಡುಗನನ್ನು ಕಂಡೆ. ಹುಡುಗ ಎನ್ನುವಂತಿಲ್ಲ, ಐವತ್ತು ದಾಟಿದ ಅಣ್ಣ. ಮನೆಯ ಮುಂದೆಯೇ ಟ್ರ್ಯಾಕ್ಟರ್ ಗ್ಯಾರೇಜು. ಅಪ್ಪ ತೀರಿಕೊಂಡ ಸುದ್ದಿ ಅವನಿಗೆ ತಿಳಿದಿತ್ತು. ಚಹಾ ಕುಡಿಯುತ್ತ ನಾನು ಆ ರಾತ್ರಿಯ ಬೆಂಕಿಯ ಮಾತೆತ್ತಿದೆ. ಅಗಸೆ ಎಣ್ಣೆ, ಬಡಗಿಯವರು ಎಸೆದ ಬಟ್ಟೆ, ರಷ್ಯಾದ ಹಡಗು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನಾನು ನೋಡಿಯೂ ಹೇಳದೆ ಉಳಿದದ್ದನ್ನೂ ಹೇಳಿದೆ.

ಅವನು ಕೇಳಿಸಿಕೊಂಡು ಶೆಡ್ಡಿನ ಕಡೆ ಕೈ ತೋರಿಸಿದ. ಮೂಲೆಯಲ್ಲಿ ಗುಡ್ಡೆ ಇರಲಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯ ಮೇಲೆ ಒರೆಸುಬಟ್ಟೆಗಳು ಒಂದೊಂದಾಗಿ, ಒಂದಕ್ಕೊಂದು ತಾಗದ ಹಾಗೆ ಒಣಗುತ್ತಿದ್ದವು. ಕೆಳಗೆ ಮುಚ್ಚಳವಿದ್ದ ಒಂದು ತಗಡಿನ ಡಬ್ಬ, ಅದರಲ್ಲಿ ಅರ್ಧ ನೀರು. ಬಣ್ಣ, ಪಾಲಿಷ್ ಒರೆಸಿದ ಬಟ್ಟೆ ಅದರೊಳಗೆ. ಕೆಲಸದ ಅಂಗಿ ಪ್ಯಾಂಟು ಅಲ್ಲಿಯೇ ಮೊಳೆಗೆ, ಒಳಮನೆಗೆ ಹೋಗುವುದಿಲ್ಲ. ಕಾರ್ಖಾನೆಗಳ ಸುರಕ್ಷತಾ ಪುಸ್ತಕಗಳಲ್ಲಿ ಬರೆದಿರುವುದೂ ಬಹುಮಟ್ಟಿಗೆ ಇದನ್ನೇ: ಎಣ್ಣೆಬಟ್ಟೆಯನ್ನು ಹರಡಿ ಒಣಗಿಸು, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಿಡು, ಗುಡ್ಡೆ ಹಾಕಬೇಡ, ಒಲೆಗೆ ಹಾಕಬೇಡ, ಮನೆಯ ಬಟ್ಟೆಯೊಂದಿಗೆ ಬೆರೆಸಬೇಡ.

"ಇದನ್ನ ಯಾರು ಹೇಳಿಕೊಟ್ರಣ್ಣ?" ಎಂದು ಕೇಳಿದೆ.

"ಯಾರು ಹೇಳ್ಬೇಕು? ಬೀಡಿ ನಾನು ಸೇದಿರಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ನಾನಲ್ಲ ಅಂದ್ರೆ ಮತ್ತೆ ಉಳಿದಿದ್ದು ಬಟ್ಟೆನೇ. ಅವತ್ತಿಂದ ನಾನು ಗುಡ್ಡಿ ಹಾಕಿಲ್ಲ."

ಅಷ್ಟು ಹೇಳಿ ಲೋಟ ಕೆಳಗಿಟ್ಟು, ತಂತಿಯಿಂದ ಒಂದು ಒಣಗಿದ ಬಟ್ಟೆ ಎಳೆದುಕೊಂಡು, ಬಿಚ್ಚಿಟ್ಟಿದ್ದ ಗೇರ್‌ಬಾಕ್ಸಿನ ಕಡೆ ಹೋದ.